ಸಕ್ರಿ ಹುಡುಗಿಗೆ ನೌಕರಿ ಯಾಕೆ?

"ಹೆಂಗೂ ಸಕ್ರಿ ಬ್ಯಾನಿ ಹುಡುಗಿ. ಇಷ್ಟೆಲ್ಲಾ ಕಲಿಸಿ ಏನ್ ಮಾಡ್ತೀರಿ ಅಕ್ಕಾರ? ನೌಕರಿ ಗಿವಕರಿ ಅಂತ ಬಿಸಲಾಗ ಯಾಕ ತಿರಗಸ್ತೀರಿ? ಮನ್ಯಾಗ ತಂಪಿನ್ಯಾಗ ಇರ್ಲಿ ಬಿಡ್ರಿ."

ಈ ಮಾತನ್ನು ನಾನು ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿದ್ದೇನೆ. ಸಿಂದಗಿಯ ಒಂದು ಮದುವೆ ಮನೆಯಲ್ಲಿ ಕೇಳಿದ್ದೇನೆ. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ, ಬಸವನ ಬಾಗೇವಾಡಿಯ ಗುಡಿಯ ಕಟ್ಟೆಯ ಮೇಲೆ ಕೇಳಿದ್ದೇನೆ. ಆಡಿದವರು ಯಾರೂ ಕೆಟ್ಟವರಲ್ಲ. ಎಲ್ಲರೂ ಹೆಣ್ಣುಮಕ್ಕಳೇ, ಹುಡುಗಿಯ ಮೇಲಿನ ಕನಿಕರದಿಂದ ಆಡಿದವರೇ. ಒಬ್ಬಾಕೆಯಂತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಆಡಿದಳು. ಬೈದವರಿಗಾದರೆ ತಿರುಗಿ ಬೈಯಬಹುದು, ಕನಿಕರಪಡುವವರಿಗೆ ಏನು ಹೇಳುವುದು? ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಸುಮ್ಮನಿರಬಾರದು ಅನ್ನಿಸಿ ಇದನ್ನು ಬರೆಯಲು ಕೂತಿದ್ದೇನೆ. ಏಕೆಂದರೆ ನಮ್ಮ ಹುಡುಗಿಯರನ್ನು ಮನೆಯಲ್ಲಿ ಕೂಡಿಸಿರುವುದು ಸಕ್ಕರೆ ಕಾಯಿಲೆಯಲ್ಲ, ಈ ಕನಿಕರ.

ನಾನು ಈ ನಾಲ್ಕೂ ಊರುಗಳ ಸುತ್ತಮುತ್ತ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆದ್ದರಿಂದ ಸ್ವಲ್ಪ ಉಪದೇಶದ ಚಾಳಿ ಇದೆ. ಓದುಗ ಅಕ್ಕತಂಗಿಯರು ಕ್ಷಮಿಸಬೇಕು.

ಹುಡುಗಿ ನನ್ನ ತಂಗಿಯ ಮಗಳು. 2012ರ ಬೇಸಿಗೆಯಲ್ಲಿ ಅವಳಿಗೆ ಹನ್ನೆರಡು ವರ್ಷ. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ರಾತ್ರಿ ನಾಲ್ಕು ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. "ಬಿಸಲಿಗೆ ಉಷ್ಣ ಆಗೈತಿ" ಎಂದೆವು. ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಯಾರು ತಾನೇ ನೀರು ಕುಡಿಯುವುದಿಲ್ಲ? ಮೈ ಇಳಿಯಿತು, ಲಂಗ ಸೊಂಟದಲ್ಲಿ ನಿಲ್ಲದಾಯಿತು. "ದೊಡ್ಡಾಕಿ ಆಗೂ ವಯಸ್ಸು" ಎಂದೆವು. ದೃಷ್ಟಿ ತೆಗೆದೆವು. ಕೊನೆಗೊಂದು ಮುಂಜಾನೆ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ, ಕರೆದರೆ ಓಗೊಡದೆ ಬಿದ್ದುಕೊಂಡವಳನ್ನು ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಬಿಜಾಪುರಕ್ಕೆ ಓಡಿದೆವು. ಆಗಿನ್ನೂ ಊರಿನ ಹೆಸರು ವಿಜಯಪುರ ಆಗಿರಲಿಲ್ಲ. ಮೂರು ದಿನ ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಕೂತೆವು. ನಾಲ್ಕನೆಯ ದಿನ ಡಾಕ್ಟರು ನನ್ನ ತಂಗಿಯ ಕೈಗೆ ಒಂದು ಸಿರಿಂಜು ಕೊಟ್ಟು, "ನೀವs ಮಾಡ್ರೆವ್ವಾ. ಇನ್ನ ದಿನಾ ನೀವs ಮಾಡಬೇಕು" ಎಂದರು. ತಂಗಿಯ ಕೈ ನಡುಗಿತು. ಹುಡುಗಿಯೇ ಸಿರಿಂಜು ಇಸಕೊಂಡು ತೊಡೆಗೆ ಚುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಪಂಚಾಯಿತಿ ಶುರುವಾಯಿತು. "ಹೋಳಿಗಿ ಹುಗ್ಗಿ ಅಂತ ಭಾಳ ತಿನಿಸಿದ್ರಿ," "ಬಸುರಿದ್ದಾಗ ಈಕಿ ಸಿಹಿ ಬೇಡತಿದ್ಲು" ಎಂದು ಎಲ್ಲ ತಪ್ಪು ತಾಯಿಯ ತಲೆಗೆ ಬಂತು. ಇದನ್ನು ಮೊದಲು ಬಿಡಿಸಿ ಹೇಳಬೇಕು. ನಾವು ಸಾಮಾನ್ಯವಾಗಿ ನೋಡುವ ಸಕ್ಕರೆ ಕಾಯಿಲೆ ವಯಸ್ಸಾದವರದು, ಮಾತ್ರೆಯಿಂದ, ಪಥ್ಯದಿಂದ, ನಡಿಗೆಯಿಂದ ಬಹಳ ಮಟ್ಟಿಗೆ ಹತೋಟಿಗೆ ಬರುವಂಥದು. ಅದಕ್ಕೆ ಎರಡನೆಯ ಬಗೆ ಎನ್ನುತ್ತಾರೆ. ಮಕ್ಕಳಿಗೂ ಹರೆಯದವರಿಗೂ ಹೆಚ್ಚಾಗಿ ಬರುವುದು ಒಂದನೆಯ ಬಗೆ. ಮೈಯನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಬಿಡುತ್ತದೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ತಾಯಿಯ ತಪ್ಪಿಲ್ಲ, ಮಗುವಿನ ತಪ್ಪಂತೂ ಇಲ್ಲವೇ ಇಲ್ಲ. ಹಾಗಲಕಾಯಿ ರಸದಿಂದ, ಬೇವಿನ ಕಷಾಯದಿಂದ ಇದು ಹೋಗುವುದಿಲ್ಲ. ಮೈಯಲ್ಲಿ ಇಲ್ಲದ ಇನ್ಸುಲಿನ್ನನ್ನು ಹೊರಗಿನಿಂದ ಕೊಡುತ್ತಲೇ ಇರಬೇಕು, ಬದುಕಿರುವ ತನಕ.

"ಬದುಕಿರುವ ತನಕ" ಎಂದ ಕೂಡಲೇ ನಮ್ಮವರಿಗೆ ಕೇಳಿಸುವುದು ಸಾವಿನ ಸುದ್ದಿ. ನೂರು ವರ್ಷದ ಹಿಂದೆ ಅದು ನಿಜವೂ ಆಗಿತ್ತು. ಆಗ ಈ ಕಾಯಿಲೆ ಬಂದ ಮಗು ಒಂದೆರಡು ವರ್ಷದಲ್ಲಿ ತೀರಿಕೊಳ್ಳುತ್ತಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಔಷಧ ಎಲ್ಲರ ಕೈಗೂ ಸಿಗಲಿ ಎಂಬ ಆಸೆ ಅವರದು. ಅಷ್ಟು ದೂರ ಯಾಕೆ, 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಎಂಬ ಹೆಣ್ಣುಮಗಳು ಶುರು ಮಾಡಿದ ಬಯೋಕಾನ್ ಕಂಪನಿ 2004ರಿಂದ ನಮ್ಮ ರಾಜ್ಯದಲ್ಲೇ ಇನ್ಸುಲಿನ್ ತಯಾರಿಸಿ ಮಾರುತ್ತಿದೆ. ಔಷಧ ಬಂತು. ನಮ್ಮ ತಿಳಿವಳಿಕೆ ಮಾತ್ರ ಇನ್ನೂ 1922ರ ಆಚೆಯೇ ನಿಂತಿದೆ.

ಈಗ ನನ್ನ ತಪ್ಪನ್ನು ಹೇಳಿಕೊಳ್ಳಬೇಕು.

ಅಂದು ಪಂಚಾಯಿತಿ ಮುಗಿದ ಮೇಲೆ ನಾನೇ ತಂಗಿಯನ್ನು ಅಡುಗೆಮನೆಗೆ ಕರೆದು, "ಯಾರಿಗೂ ಹೇಳಬ್ಯಾಡ. ಹೆಣ್ಣ ಹುಡುಗಿ. ನಾಳೆ ಕನ್ಯಾ ನೋಡಾಕ ಬಂದವರ ಕಿವೀಗೆ ಬಿದ್ರ ಮುಗೀತು" ಎಂದೆ. ಓದಿದವಳು, ನಾಲ್ಕು ಜನಕ್ಕೆ ಓದಿಸಿದವಳು ನಾನು! ತಂಗಿ ತಲೆಯಾಡಿಸಿದಳು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮರುದಿನದಿಂದಲೇ ಸಿರಿಂಜು ಕಂಪಾಸ್ ಪೆಟ್ಟಿಗೆಯೊಳಗೆ ಸೇರಿತು. ಶಾಲೆಯಲ್ಲಿ ಮಧ್ಯಾಹ್ನದ ಸೂಜಿಯನ್ನು ಚಿಲಕವಿಲ್ಲದ ಶೌಚಾಲಯದಲ್ಲಿ ಒಂದು ಕೈಯಲ್ಲಿ ಬಾಗಿಲು ಹಿಡಿದು ಇನ್ನೊಂದು ಕೈಯಲ್ಲಿ ಮಾಡಿಕೊಳ್ಳಬೇಕಿತ್ತು. ಎಷ್ಟೋ ದಿನ ಮಾಡಿಕೊಳ್ಳುತ್ತಲೇ ಇರಲಿಲ್ಲ ಎಂದು ಅವಳು ನಮಗೆ ಹೇಳಿದ್ದು ಬಹಳ ವರ್ಷಗಳ ನಂತರ.

2018ರ ಮಾರ್ಚ್, ಪಿಯುಸಿ ಎರಡನೆಯ ವರ್ಷದ ಪರೀಕ್ಷೆ. ಅರ್ಥಶಾಸ್ತ್ರದ ಪತ್ರಿಕೆಯ ದಿನ ಮುಂಜಾನೆ ಸೂಜಿ ಮಾಡಿಕೊಂಡು, ಅವಸರದಲ್ಲಿ ಅರ್ಧ ರೊಟ್ಟಿ ತಿಂದು ಹೋಗಿದ್ದಾಳೆ. ಚೀಲದಲ್ಲಿ ಬಿಸ್ಕೀಟು, ಪೆಪ್ಪರಮೆಂಟು ಇದ್ದವು. ಚೀಲ ಕೋಣೆಯ ಹೊರಗೆ ಚಪ್ಪಲಿಗಳ ಜೊತೆ ಉಳಿಯಿತು. ಒಂದು ತಾಸು ಕಳೆದ ಮೇಲೆ ಕೈ ನಡುಗಿ, ಮೈ ಬೆವೆತು, ಅಕ್ಷರಗಳು ತೇಲತೊಡಗಿವೆ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಹೀಗಾಗುತ್ತದೆ. ಆಗ ಮಿದುಳಿಗೆ ಬೇಕಾದ ಇಂಧನವೇ ಸಾಲದು. ಎರಡು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡು, ಒಂದು ಲೋಟ ಲಿಂಬಿ ಶರಬತ್ತು ಕುಡಿದಿದ್ದರೆ ಹದಿನೈದು ನಿಮಿಷದಲ್ಲಿ ಸರಿಹೋಗುವ ಮಾತು. ಆದರೆ ಕೇಳುವುದು ಹೇಗೆ? ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಬೇಡ ಎಂದು ದೊಡ್ಡವ್ವ ಕಲಿಸಿದ್ದಾಳೆ. ಹುಡುಗಿ ಬರೆಯುತ್ತಲೇ ಹೋದಳು. ಒಂದೇ ಉತ್ತರವನ್ನು ಮೂರು ಸಲ ಬರೆದಳು. ಆಮೇಲೆ ಬೆಂಚಿನ ಮೇಲೆ ಒರಗಿದಳು.

ಕೋಣೆಯಲ್ಲಿದ್ದ ಮೇಲ್ವಿಚಾರಕಿ ನನ್ನ ಹಳೆಯ ಪರಿಚಯದವರು. ದವಾಖಾನೆಗೆ ಅವರೇ ಕರೆತಂದಿದ್ದರು. ನನ್ನನ್ನು ನೋಡಿದ ಕೂಡಲೇ ಸಿಟ್ಟಿನಿಂದ, "ಮದಲ ಒಂದ್ ಮಾತ್ ಹೇಳಿದ್ರ ಬಿಸ್ಕೀಟ ನನ್ ಟೇಬಲ್ ಮ್ಯಾಲ ಇಟ್ಕೋತಿದ್ನೆಲ್ರೀ ಅಕ್ಕಾರ. ಯಾಕ ಮುಚ್ಚಿಟ್ರಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅದರ ಹಿಂದಿನ ವರ್ಷ, 2017ರಲ್ಲೇ, ಸಿಬಿಎಸ್‌ಇ ಮಂಡಳಿ ಈ ಬಗೆಯ ಮಧುಮೇಹವಿರುವ ಮಕ್ಕಳು ಪರೀಕ್ಷಾ ಕೋಣೆಗೆ ಸಕ್ಕರೆ ಮಾತ್ರೆ, ಬಾಳೆಹಣ್ಣು, ನೀರಿನ ಬಾಟಲಿ ತರಬಹುದು ಎಂದು ಆದೇಶ ಹೊರಡಿಸಿತ್ತು. ನಮ್ಮದು ಬೇರೆ ಮಂಡಳಿ, ನಿಜ. ಆದರೆ ಆ ಕಾಗದವನ್ನು ಹಿಡಿದುಕೊಂಡು ನಾವೂ ಕೇಳಬಹುದಿತ್ತು. ಕೇಳಲಿಲ್ಲ. ಹುಡುಗಿ ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಆದರೆ ಅವಳ ಅಂಕಪಟ್ಟಿಯಲ್ಲಿ ಕಡಿಮೆಯಾದ ಅಂಕಗಳು ಅವಳವಲ್ಲ, ನನ್ನವು.

ಅಂದಿನಿಂದ ಮುಚ್ಚಿಡುವುದನ್ನು ಬಿಟ್ಟೆವು. ಬಿಟ್ಟ ಮೇಲೆ ಗೊತ್ತಾಯಿತು, ಮುಚ್ಚಿಡುವುದನ್ನು ಜನ ಸುಮ್ಮಸುಮ್ಮನೆ ಕಲಿತಿಲ್ಲ ಎಂದು!

ಬಿ.ಎ. ಆಯಿತು, ಬಿ.ಎಡ್. ಆಯಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತಲ್ಲ, ಹುಡುಗಿ ಫೈಲು ಹಿಡಿದುಕೊಂಡು ನಾಲ್ಕೂ ತಾಲ್ಲೂಕು ತಿರುಗಿದಳು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿಸಿ ನೋಡಿದರು, ಮೆಚ್ಚಿದರು. ಕೊನೆಗೆ ಇವಳು ತನ್ನ ಕಾಯಿಲೆಯ ವಿಷಯ ಹೇಳಿದಳು. ಆಡಳಿತ ಮಂಡಳಿಯ ಹಿರಿಯರ ಮುಖ ಬದಲಾಯಿತು. "ಮಕ್ಕಳ ಮುಂದ ಬಿದ್ದು ಗಿದ್ದೀದಿ ಅಂದ್ರ ಹೆಂಗ ತಂಗಿ? ಪಾಲಕರಿಗೆ ಏನ್ ಹೇಳೂಣು?" ಎಂದರು. ಅಷ್ಟರಲ್ಲಿ ಚಹಾ ಬಂತು. ಆ ಹಿರಿಯರು ಹುಡುಗನಿಗೆ ಹೇಳಿದ್ದೇನು ಗೊತ್ತೆ? "ನಂದು ಸಕ್ರಿ ಬ್ಯಾಡೋ, ನನಗ ಶುಗರ್ ಐತಿ."

ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ನೀವೇ ಲೆಕ್ಕ ಹಾಕಿ. ನಮ್ಮ ಊರುಗಳ ಶಾಲೆ, ಕಚೇರಿ, ಬ್ಯಾಂಕು, ಕೋರ್ಟುಗಳಲ್ಲಿ ಐವತ್ತು ದಾಟಿದವರು ಎಷ್ಟು ಜನ ಜೇಬಿನಲ್ಲಿ ಸಕ್ಕರೆ ಮಾತ್ರೆ ಇಟ್ಟುಕೊಂಡು ಕೆಲಸ ಮಾಡುತ್ತಿಲ್ಲ? ಅವರು ಯಾರಾದರೂ ರಾಜೀನಾಮೆ ಕೊಟ್ಟರೆ? ಯಾರಾದರೂ ಕೇಳಿದರೆ? ಐವತ್ತರ ಗಂಡಸಿಗೆ ಸಕ್ಕರೆ ಬಂದರೆ ಅದು ದೊಡ್ಡಸ್ತಿಕೆಯ ಗುರುತು, "ಸಾಹೇಬರಿಗೆ ಶುಗರ್ ಐತಿ, ಬ್ಯಾರೆ ಚಹಾ ತರ್ರಿ" ಎಂದು ಉಪಚಾರ. ಇಪ್ಪತ್ತರ ಹುಡುಗಿಗೆ ಬಂದರೆ ಅದು ಕಳಂಕ. ಕಾಯಿಲೆಯ ಹೆಸರು ಒಂದೇ, ಮರ್ಯಾದೆ ಎರಡು!

ಇನ್ನೊಂದು ಕಡೆ ಅವಳು ಬೇಸತ್ತು ಏನೂ ಹೇಳದೆ ಕೆಲಸಕ್ಕೆ ಸೇರಿದಳು. ಮೂರನೆಯ ತಿಂಗಳು ಸ್ಟಾಫ್ ರೂಮಿನ ಮೂಲೆಯಲ್ಲಿ ಸೂಜಿ ಮಾಡಿಕೊಳ್ಳುವುದನ್ನು ಯಾರೋ ನೋಡಿದರು. ಮಾತು ಬೆಳೆಯಿತು. "ಹೇಳದ ಸೇರಿ ಮೋಸ ಮಾಡೀರಿ" ಎಂದು ಬಿಡಿಸಿದರು. ಹೇಳಿದರೆ ನೌಕರಿ ಇಲ್ಲ. ಹೇಳದಿದ್ದರೆ ಮೋಸಗಾರ್ತಿ ಎಂಬ ಹೆಸರು, ಜೊತೆಗೆ ಜೀವಕ್ಕೆ ಅಪಾಯ. ಈ ಎರಡರ ನಡುವೆ ಒಬ್ಬ ಹುಡುಗಿ ಎಲ್ಲಿ ಕಾಲಿಡಬೇಕು?

ನನ್ನ ವಾದ ಇಷ್ಟೇ. ಸಕ್ಕರೆ ಕಾಯಿಲೆಯ ಹುಡುಗಿಗೆ ಓದು, ನೌಕರಿ ಉಳಿದವರಿಗಿಂತ ಹೆಚ್ಚು ಬೇಕು. ಹೇಗೆ ಎಂದು ಕೇಳಿ. ದಿನಕ್ಕೆ ನಾಲ್ಕು ಸೂಜಿ ಎಂದರೆ ವರ್ಷಕ್ಕೆ 1460 ಸೂಜಿ. ಅದರ ಜೊತೆಗೆ ಇನ್ಸುಲಿನ್ ಬಾಟಲಿ, ಬೆರಳು ಚುಚ್ಚಿ ರಕ್ತ ನೋಡುವ ಪಟ್ಟಿಗಳು, ಮೂರು ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ ಪರೀಕ್ಷೆ. ಈ ದುಡ್ಡು ಯಾರದು? ಇಂದು ಅಪ್ಪನದು. ನಾಳೆ ಗಂಡನದು. ಗಂಡನ ದುಡ್ಡು ಅತ್ತೆಯ ಕೈಯಲ್ಲಿದ್ದರೆ? ಉಳಿದ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಸಿಟ್ಟು ಮಾಡಿ ಒಂದು ದಿನ ಉಪವಾಸ ಮಲಗಬಹುದು. ಇವಳು ಒಂದು ದಿನ ಇನ್ಸುಲಿನ್ ಇಲ್ಲದೆ ಮಲಗಿದರೆ ಮರುದಿನ ದವಾಖಾನೆ ಸೇರಬೇಕು. ಅನ್ನಕ್ಕೆ ಕೈಯೊಡ್ಡುವುದು ಬೇರೆ, ಉಸಿರಿಗೆ ಕೈಯೊಡ್ಡುವುದು ಬೇರೆ. ಆದ್ದರಿಂದ ಅವಳ ಔಷಧದ ಚೀಟಿಯಲ್ಲಿ ಇನ್ಸುಲಿನ್ ಜೊತೆಗೆ ನೌಕರಿಯನ್ನೂ ಬರೆಯಬೇಕು ಎನ್ನುತ್ತೇನೆ ನಾನು.

ಇದು ಬರೀ ಮಾತಲ್ಲ. ಸಿಂದಗಿಯಲ್ಲಿ ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿಗೆ ಹತ್ತನೆಯ ತರಗತಿ ಮುಗಿದ ಮೇಲೆ ಈ ಕಾಯಿಲೆ ಬಂತು. ಓದು ಬಿಡಿಸಿದರು. ವಿಷಯ ಮುಚ್ಚಿಟ್ಟು ಮದುವೆ ಮಾಡಿದರು. ಗಂಡನ ಮನೆಯಲ್ಲಿ ಸೂಜಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಮಂದಿ ಇದ್ದ ದಿನ ಬಿಟ್ಟು, ಇಲ್ಲದ ದಿನ ಮಾಡಿಕೊಂಡು ಎಂಟು ತಿಂಗಳು ಕಳೆದಳು. ಕೊನೆಗೆ ಎಚ್ಚರ ತಪ್ಪಿ ವಿಜಯಪುರದ ದವಾಖಾನೆ ಸೇರಿದಾಗ ಗುಟ್ಟು ಹೊರಬಿತ್ತು. ಜೀವ ಉಳಿಯಿತು, ಸಂಸಾರ ಉಳಿಯಲಿಲ್ಲ. ಅವಳ ತಾಯಿ ನನ್ನ ಮುಂದೆ ಅತ್ತು, "ಹೇಳಿ ಮಾಡಿದ್ರ ಲಗ್ನಾನs ಆಗ್ತಿದ್ದಿಲ್ರೀ" ಎಂದಳು. ಹೌದು, ಆಗ್ತಿರಲಿಲ್ಲ. ಆಗದಿದ್ದರೆ ಏನಾಗುತ್ತಿತ್ತು? ಪಿಯುಸಿ ಆಗುತ್ತಿತ್ತು, ಡಿಗ್ರಿ ಆಗುತ್ತಿತ್ತು. 2003ರಿಂದ ವಿಜಯಪುರದಲ್ಲಿ ಹೆಣ್ಣುಮಕ್ಕಳಿಗೆಂದೇ ವಿಶ್ವವಿದ್ಯಾಲಯವಿದೆ. ಸಿಂದಗಿಯಿಂದ ಬಸ್ಸಿನ ದಾರಿ ಎಷ್ಟು ದೂರ?

ಗಂಡುಹುಡುಗರ ಕಥೆಯೂ ಸುಖದ್ದಲ್ಲ. ಮುದ್ದೇಬಿಹಾಳ ಕಡೆಯ ಒಬ್ಬ ಹುಡುಗನ ತಂದೆತಾಯಿ ದುಡಿಯಲು ಗೋವಾಕ್ಕೆ ಹೋಗುವವರು. ಇನ್ಸುಲಿನ್ ತಂಪಿನಲ್ಲಿ ಇರಬೇಕು, ಮನೆಯಲ್ಲಿ ಫ್ರಿಜ್ ಇಲ್ಲ. ಅವನ ಅಜ್ಜಿ ಒಂದು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಅದರೊಳಗೆ ಸಣ್ಣ ಗಡಿಗೆ ಇಟ್ಟು, ಬಾಟಲಿಯನ್ನು ಅದರಲ್ಲಿಟ್ಟು, ಮೇಲೆ ಹಸಿ ಅರಿವೆ ಮುಚ್ಚಿ ಕಾಯುತ್ತಾಳೆ. ಓದು ಬಾರದ ಅಜ್ಜಿ! ಓದಿದ ನಾವು ಆ ಹುಡುಗನಿಗೆ ಮಾಡಿದ್ದೇನು? ಕಾಲೇಜಿನಲ್ಲಿ ಎರಡು ಸಲ ತಲೆಸುತ್ತಿ ಬಿದ್ದನೆಂದು "ಆರಾಮಾದ ಮ್ಯಾಲೆ ಬಾ" ಎಂದು ಮನೆಗೆ ಕಳಿಸಿದೆವು. ಆರಾಮಾಗುವ ಕಾಯಿಲೆ ಅಲ್ಲವಲ್ಲ ಅದು! ಹುಡುಗ ತಿರುಗಿ ಬರಲಿಲ್ಲ. ಈಗ ಒಂದು ಅಂಗಡಿಯಲ್ಲಿ ಮೂಟೆ ಹೊರುತ್ತಾನೆ. ಓದಲು ಆಗದ ಕಾಯಿಲೆ, ಮೂಟೆ ಹೊರಲು ಹೇಗೆ ಆಗುತ್ತದೆ ಎಂದು ಯಾರೂ ಕೇಳುವುದಿಲ್ಲ.

"ಎಲ್ಲಾ ಖರೆ, ಆದ್ರ ಮುಂದ ಕಣ್ಣು, ಕಿಡ್ನಿ ಹೋಗ್ತಾವಂತಲ್ರೀ?" ಎನ್ನುವವರಿದ್ದಾರೆ. ಈ ಭಯಕ್ಕೆ ಉತ್ತರ ಕೊಡಲೇಬೇಕು. ಅಮೆರಿಕ ಮತ್ತು ಕೆನಡಾದಲ್ಲಿ ಒಂದನೆಯ ಬಗೆಯ ಮಧುಮೇಹವಿದ್ದ 1441 ಜನರನ್ನು 1983ರಿಂದ 1993ರವರೆಗೆ ಗಮನಿಸಿ ನೋಡಿದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿ ಇಟ್ಟುಕೊಂಡವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಯಿತು. ಕಿಡ್ನಿ, ನರಗಳ ತೊಂದರೆಯೂ ಕಡಿಮೆಯಾಯಿತು. ಎಂದರೆ ಕಣ್ಣು ಕಳೆಯುವುದು ಸಕ್ಕರೆಯ ಹೆಸರಲ್ಲ, ಹತೋಟಿ ತಪ್ಪಿದ ಸಕ್ಕರೆ. ಹತೋಟಿಗೆ ಬೇಕಾದದ್ದು ವೇಳೆಗೆ ಸರಿಯಾಗಿ ಸೂಜಿ, ವೇಳೆಗೆ ಸರಿಯಾಗಿ ಊಟ, ಆಗಾಗ ರಕ್ತ ನೋಡಿಕೊಳ್ಳುವ ಧೈರ್ಯ. ಕದ್ದುಮುಚ್ಚಿ ಬದುಕುವವಳಿಗೆ ಈ ಮೂರರಲ್ಲಿ ಯಾವುದು ಸಾಧ್ಯ?

ಎಲ್ಲ ಕೆಲಸವೂ ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಕೆಲಸದ ನಡುವೆ ಸಕ್ಕರೆ ಇಳಿದರೆ ನೂರಾರು ಜನರ ಜೀವಕ್ಕೆ ಕುತ್ತು ಬರುವಂಥ ಹುದ್ದೆಗಳಲ್ಲಿ ಎಚ್ಚರಿಕೆ ಬೇಕೇ ಬೇಕು. ಆದರೆ ಆ ಎಚ್ಚರಿಕೆಯೂ ವ್ಯಕ್ತಿಯನ್ನು ನೋಡಿ ಇರಬೇಕು, ಕಾಯಿಲೆಯ ಹೆಸರನ್ನು ನೋಡಿ ಅಲ್ಲ. ಬ್ರಿಟನ್ 2012ರಲ್ಲಿ, ಅಮೆರಿಕ 2019ರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಕಟ್ಟುನಿಟ್ಟಿನ ತಪಾಸಣೆಯ ಮೇಲೆ ಪ್ರಯಾಣಿಕರ ವಿಮಾನ ನಡೆಸುವ ದಾರಿ ತೆರೆದವು. ವಿಮಾನವನ್ನೇ ನಡೆಸಬಹುದಾದರೆ ಐದನೆಯ ತರಗತಿಗೆ ಕನ್ನಡ ಪಾಠ ಮಾಡಲು ಏನು ಅಡ್ಡಿ ಸ್ವಾಮಿ? ಸೋನಿಯಾ ಸೊಟೊಮಯೋರ್ ಎಂಬಾಕೆ ಏಳನೆಯ ವಯಸ್ಸಿನಿಂದ ಇನ್ಸುಲಿನ್ ಮೇಲೆ ಬದುಕಿದವರು, 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಥೆರೇಸಾ ಮೇ 2016ರಿಂದ 2019ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದಾಗ ಇನ್ಸುಲಿನ್ ಸೂಜಿ ಮಾಡಿಕೊಳ್ಳುತ್ತಲೇ ದೇಶ ಆಳಿದರು. ಕ್ರಿಕೆಟ್ ನೋಡುವ ನಿಮ್ಮ ಮನೆಯವರನ್ನು ಕೇಳಿ, ವಾಸಿಂ ಅಕ್ರಂಗೆ 1997ರಲ್ಲಿ ಮಧುಮೇಹ ಗೊತ್ತಾಯಿತು. ಆತ 2003ರವರೆಗೂ ಪಾಕಿಸ್ತಾನಕ್ಕೆ ವೇಗದ ಬೌಲಿಂಗ್ ಮಾಡಿದ.

ಕಾನೂನಿನ ಮಾತಿಗೆ ಬಂದರೆ ನಮ್ಮಲ್ಲೊಂದು ದೊಡ್ಡ ಕಂದಕವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳನ್ನು ಸೇರಿಸಿದ್ದಾರೆ. ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳೂ ಅದರಲ್ಲಿವೆ, ಮಧುಮೇಹ ಇಲ್ಲ. 2017ರಲ್ಲಿ ಎಚ್‌ಐವಿ ಇರುವವರಿಗೆ ಶಾಲೆಯಲ್ಲಿ, ನೌಕರಿಯಲ್ಲಿ ಭೇದ ಮಾಡಬಾರದೆಂದು ಒಂದು ಕಾಯ್ದೆಯೇ ಬಂತು. ಒಳ್ಳೆಯದಾಯಿತು. ಅಂಥದೊಂದು ಮಾತನ್ನು ಇನ್ಸುಲಿನ್ ಮೇಲೆ ಬದುಕುವವರಿಗೂ ಹೇಳಲು ಏನು ತೊಂದರೆ? ನನ್ನ ತಂಗಿಯ ಮಗಳನ್ನು ಅಂಗವಿಕಲೆ ಎಂದು ಕರೆಯಿರಿ, ಮೀಸಲಾತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೆಲಸ ಬರುತ್ತದೆಯೋ ಇಲ್ಲವೋ ಅಷ್ಟನ್ನು ನೋಡಿ, ಬಂದರೆ ಕೊಡಿ, ಸೂಜಿಯ ನೆಪ ಹೇಳಬೇಡಿ ಎಂದಷ್ಟೇ ಕೇಳುತ್ತಿದ್ದೇನೆ. ಬ್ರಿಟನ್ನಿನಲ್ಲಿ 2010ರ ಸಮಾನತೆಯ ಕಾಯ್ದೆ ಮಧುಮೇಹಿಗಳಿಗೆ ಆಸರೆಯಾಗಿದೆ. ನಮ್ಮ ಹುಡುಗಿಯರಿಗೆ ಆಸರೆ ಯಾವುದು?

ಸರ್ಕಾರವೂ ತನ್ನ ಪಾಲಿನದನ್ನು ಮಾಡಬೇಕು. ಬೆಂಗಳೂರಿನಲ್ಲಿ ಈ ಕಾಯಿಲೆಗೆಂದೇ ಸರ್ಕಾರಿ ಸಂಸ್ಥೆ ಇದೆ, ಸಂತೋಷ. ಇಂಡಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಮಿಕ್ಕು ದೂರ. ಪಕ್ಕದ ಕೇರಳದಲ್ಲಿ ಇಂಥ ಮಕ್ಕಳಿಗಾಗಿ ಸರ್ಕಾರ 'ಮಿಠಾಯಿ' ಎಂಬ ಚೆಂದದ ಹೆಸರಿನ ಯೋಜನೆ ನಡೆಸುತ್ತಿದೆ. ನಮ್ಮ ತಾಲ್ಲೂಕು ದವಾಖಾನೆಗಳಲ್ಲಿ ಇನ್ಸುಲಿನ್, ಸಿರಿಂಜು, ರಕ್ತ ನೋಡುವ ಪಟ್ಟಿ ಮೂರೂ ತಪ್ಪದೆ ಸಿಗುವಂತಾದರೆ ಎಷ್ಟೋ ಮಕ್ಕಳ ಓದು ಉಳಿಯುತ್ತದೆ. ಹದಿನೆಂಟು ತುಂಬಿದ ದಿನ ಕಾಯಿಲೆ ಹೋಗುವುದಿಲ್ಲ ಎಂಬುದೂ ಕೊಡುವವರಿಗೆ ನೆನಪಿರಲಿ. ಕೆಲಸ ಹುಡುಕುವ ವಯಸ್ಸಿನಲ್ಲೇ ಔಷಧದ ಖರ್ಚು ಹೆಗಲಿಗೆ ಬೀಳುತ್ತದೆ.

ಸರ್ಕಾರಕ್ಕೆ, ಶಾಲೆಗಳಿಗೆ ಹೇಳುವುದು ಸುಲಭ. ನಮಗೆ ನಾವೇ ಹೇಳಿಕೊಳ್ಳುವುದು ಕಷ್ಟ. ಮುಚ್ಚಿಡುವುದನ್ನು ಮಗಳಿಗೆ ಕಲಿಸುವವರು ನಾವೇ. ಬೀಗರ ಮನೆಯಲ್ಲಿ "ಹುಡುಗಿ ಮೈಯಾಗ ಏನರ ಐತೇನು?" ಎಂದು ಪಿಸುಗುಟ್ಟಿ ಕೇಳುವವರೂ ನಾವೇ. ಮದುವೆಯಾಗಬಾರದು, ಮಕ್ಕಳಾಗಬಾರದು ಎಂಬುದಂತೂ ಶುದ್ಧ ಸುಳ್ಳು. ಮೊದಲೇ ಡಾಕ್ಟರನ್ನು ಕಂಡು, ಸಕ್ಕರೆಯನ್ನು ಹತೋಟಿಗೆ ತಂದುಕೊಂಡು ಬಸುರಾದ ಹೆಣ್ಣುಮಕ್ಕಳು ಆರೋಗ್ಯವಂತ ಮಕ್ಕಳನ್ನು ಹೆರುತ್ತಿದ್ದಾರೆ. ತಾಯಿಗೆ ಈ ಬಗೆಯ ಮಧುಮೇಹ ಇದ್ದರೂ ಮಗುವಿಗೆ ಬರುವ ಸಾಧ್ಯತೆ ನೂರರಲ್ಲಿ ಸುಮಾರು ನಾಲ್ಕರೊಳಗೆ. ಆದರೆ ಇದನ್ನೆಲ್ಲ ತಿಳಿದು ಒಪ್ಪುವವನ ಕೈ ಹಿಡಿಯಲಿ ಹುಡುಗಿ. ತಿಳಿಯದವನ ತಲೆಗೆ ಕಟ್ಟಬಾರದು.

ಬಸವನ ಬಾಗೇವಾಡಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಒಬ್ಬ ತಾಯಿಯನ್ನು ನಾನು ಬಲ್ಲೆ. ಅವಳ ಮಗಳಿಗೂ ಇದೇ ಕಾಯಿಲೆ. ಆ ತಾಯಿ ಮಾಡಿದ್ದೇನು? ಮೊದಲ ದಿನವೇ ಶಾಲೆಗೆ ಹೋಗಿ, ತರಗತಿಯ ಎಲ್ಲರ ಮುಂದೆ, "ನನ್ ಮಗಳಿಗೆ ಹಿಂಗೈತಿ. ಬೆವತು ನಡಗಿದ್ರ ಸಕ್ರಿ ಬಾಯಾಗ ಹಾಕ್ರಿ, ಆಮ್ಯಾಲ ನನಗ ಫೋನ್ ಮಾಡ್ರಿ" ಎಂದು ಹೇಳಿ ಬಂದಳು. ಗೆಳತಿಯರೆಲ್ಲರ ಕಂಪಾಸ್ ಪೆಟ್ಟಿಗೆಯಲ್ಲೂ ಒಂದೊಂದು ಪೆಪ್ಪರಮೆಂಟು ಬಂತು. ಆ ಹುಡುಗಿ ಇಂದು ನರ್ಸಿಂಗ್ ಓದುತ್ತಿದ್ದಾಳೆ. ಕಾಯಕದ ದೊಡ್ಡತನವನ್ನು ಲೋಕಕ್ಕೆ ಸಾರಿದ ಬಸವಣ್ಣ ಹುಟ್ಟಿದ ಊರು ಅದು. ದುಡಿಯುತ್ತೇನೆ ಎಂದು ಬಂದವರನ್ನು ಹಿಂದೆ ಕಳಿಸುವುದು ಆ ನೆಲಕ್ಕೆ ಒಪ್ಪುವ ಕೆಲಸವಲ್ಲ ಎಂದು ರೊಟ್ಟಿ ಬಡಿಯುವ ಆ ತಾಯಿಗೆ ಗೊತ್ತಿತ್ತು. ಬಿ.ಎ., ಬಿ.ಎಡ್. ಮಾಡಿದ ನನಗೆ ಗೊತ್ತಿರಲಿಲ್ಲ.

ನಮ್ಮ ಹುಡುಗಿ ಈಗ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಸೇರುವ ಮೊದಲೇ ಎಲ್ಲ ಹೇಳಿದಳು. ಅಲ್ಲಿನ ಹಿರಿಯ ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, "ಲೆಕ್ಕ ಬರ್ತೈತಿಲ್ಲ? ಸಾಕ್ ಬಿಡು" ಎಂದರಂತೆ. ಇಷ್ಟೇ ಮಾತು! ಇಷ್ಟು ಮಾತಿಗೆ ಅವಳು ನಾಲ್ಕು ತಾಲ್ಲೂಕು ಅಲೆದಿದ್ದಳು. ಅವಳ ಟೇಬಲ್ ಮೇಲೆ ಸಕ್ಕರೆಯ ಡಬ್ಬಿ ಎಲ್ಲರಿಗೂ ಕಾಣುವಂತೆ ಇದೆ, ಪಕ್ಕದಲ್ಲಿ ನಮ್ಮೂರಿನ ಎರಡು ಲಿಂಬಿಹಣ್ಣು. ಬಿ.ಎಡ್. ಓದಿದವಳಿಗೆ ಪಾಠ ಮಾಡುವ ಆಸೆ ಇನ್ನೂ ಇದೆ. ಅರ್ಜಿ ಹಾಕುತ್ತಲೇ ಇದ್ದಾಳೆ.

ಮೊನ್ನೆ ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಚರಗ ಚೆಲ್ಲಿ ಊಟಕ್ಕೆ ಕೂತಿದ್ದೆವು. ಸಂಬಂಧಿಕಳೊಬ್ಬಳು ಮತ್ತೆ ಅದೇ ರಾಗ ತೆಗೆದಳು, "ಸಕ್ರಿ ಹುಡುಗಿಗೆ ನೌಕರಿ ಯಾಕವ್ವಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು:

"ಸಕ್ರಿ ಐತಿ ಅಂತನs ನೌಕರಿ ಬೇಕ್ರಿ ಕಾಕಿ. ಸೂಜಿ ಏನ್ ಪುಕ್ಕಟೆ ಬರ್ತಾವೇನು?"

ಹೇಳಿ, ಎಲ್ಲರೆದುರಿಗೇ ಸೂಜಿ ಮಾಡಿಕೊಂಡು, ಊಟಕ್ಕೆ ಕೂತಳು. ಓದುಗ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಂಪಾಸ್ ಪೆಟ್ಟಿಗೆಯಲ್ಲಿ ಸೂಜಿ ಬಚ್ಚಿಡುವ ಹುಡುಗಿ ಇದ್ದರೆ, ನಾಳೆ ಅವಳ ಜೊತೆ ಶಾಲೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ನಾನು ಆರು ವರ್ಷ ತಡ ಮಾಡಿದೆ. ನೀವು ಮಾಡಬೇಡಿ.